‘ಸಮನ್ವಯ’ ಎಂದರೆ ಬೆರೆಸಿ ಒಂದು ಮಾಡುವುದೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹತ್ತನೆಯ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ ‘ಕೆಲವರು ಬಡತನವನ್ನೂ ಸೋಮಾರಿತನವನ್ನೂ ಸಮನ್ವಯಗೊಳಿಸಿ ಮಾತನಾಡುತ್ತಾರೆ’ ಎಂದು ಬರೆದ. ಏನೋ ಸರಿಯಿಲ್ಲ ಅನ್ನಿಸಿ ಕೆಂಪು ಗೆರೆ ಎಳೆದೆ. ಏಕೆ ತಪ್ಪು ಎಂದು ಅವನು ಕೇಳಿದಾಗ ವಿವರಿಸಲು ಆಗಲಿಲ್ಲ. ಬೇರೆ ಬೇರೆ ವಿಚಾರಗಳನ್ನು ಸೇರಿಸಿ ಒಂದು ಮಾಡುವುದೇ ಸಮನ್ವಯ ಎಂದು ನಾನೂ ತಿಳಿದಿದ್ದೆ. ಅಲಂಕಾರದ ಪ್ರಶ್ನೆಯಲ್ಲಿ ‘ಹೆಸರಿಸಿ, ಸಮನ್ವಯಗೊಳಿಸಿ’ ಎನ್ನುತ್ತೇವೆ. ಕುವೆಂಪು ಅವರ ಪಂಚಮಂತ್ರದಲ್ಲಿ ಸಮನ್ವಯ ಇದೆ. ನಮ್ಮ ಇಲಾಖೆಯಲ್ಲಿ ಸಮನ್ವಯ ಶಿಕ್ಷಣ, ಸಮನ್ವಯಾಧಿಕಾರಿ; ಪತ್ರಿಕೆಗಳಲ್ಲಿ ಸಮನ್ವಯ ಸಮಿತಿ. ಇವೆಲ್ಲ ಒಂದೇ ಪದವೇ? ಹುಡುಗ ಹೇಳಹೊರಟಿದ್ದಕ್ಕೆ ಕನ್ನಡದಲ್ಲಿ ಯಾವ ಮಾತು ಬಳಸಬೇಕು?

ಉತ್ತರ: ಮೇಡಂ, ನಿಮ್ಮ ಕೆಂಪು ಗೆರೆ ಬೀಳಬೇಕಾದ ಕಡೆಯೇ ಬಿದ್ದಿದೆ. ಹುಡುಗನ ಆಲೋಚನೆಯೂ ಚೆನ್ನಾಗಿದೆ, ಪದ ಮಾತ್ರ ಕೈಕೊಟ್ಟಿದೆ. ಬಡತನ ಒಂದು, ಸೋಮಾರಿತನ ಇನ್ನೊಂದು. ಎರಡೂ ಒಂದೇ ಎಂಬಂತೆ ಮಾತನಾಡುವವರ ಬಗ್ಗೆ ಅವನಿಗೆ ಸಿಟ್ಟಿದೆ. ಅಂದರೆ ಇರುವ ವ್ಯತ್ಯಾಸವನ್ನು ಯಾರೋ ಅಳಿಸಿಹಾಕಿದ್ದಾರೆ ಎಂಬುದು ಅವನ ದೂರು. ಸಮನ್ವಯವಾದರೋ ವ್ಯತ್ಯಾಸ ಉಳಿದಿರುವಾಗ ಮಾತ್ರ ಬಳಸಬಹುದಾದ ಪದ. ಈ ಮಾತು ಮನದಟ್ಟಾಗಬೇಕಾದರೆ ಪದದ ಹಿಂದೆ ಸ್ವಲ್ಪ ದೂರ ನಡೆಯಬೇಕು.

ಮೊದಲು ಬಿಡಿಸಿ ನೋಡೋಣ. ಬಹಳ ಜನ ಇದನ್ನು ‘ಸಮ’ ಮತ್ತು ‘ಅನ್ವಯ’ ಎಂದು ಒಡೆದು, ಸಮನಾಗಿ ಹೊಂದಿಸುವುದು ಎಂದು ಅರ್ಥ ಹೇಳುತ್ತಾರೆ. ಹಾಗಿದ್ದರೆ ಸವರ್ಣದೀರ್ಘ ಸಂಧಿಯಾಗಿ ‘ಸಮಾನ್ವಯ’ ಎಂದಾಗಬೇಕಿತ್ತು. ಇಲ್ಲಿರುವುದು ‘ಸಮ್’ ಎಂಬ ಉಪಸರ್ಗ. ಅನ್ವಯವನ್ನು ಮತ್ತೆ ಬಿಡಿಸಿದರೆ ಅನು + ಅಯ, ಯಣ್ ಸಂಧಿ. ಧಾತು ‘ಇ’, ಅದಕ್ಕೆ ಹೋಗು ಎಂದರ್ಥ. ಅನ್ವಯ ಎಂದರೆ ಹಿಂದೆಯೇ ಹೋಗುವುದು, ಅನುಸರಿಸುವುದು. ಸಮನ್ವಯ ಎಂದರೆ ಒಟ್ಟಾಗಿ, ಸರಿಯಾಗಿ ಅನುಸರಿಸಿ ಹೋಗುವುದು. ಸಮಪಾಲು, ಸಮಾನತೆ ಈ ಪದದೊಳಗೆ ಇಲ್ಲ. ಕಲಸುವುದು, ಕರಗಿಸುವುದೂ ಇಲ್ಲ. ಇರುವುದು ನಡಿಗೆ: ಹಲವು ಸೇರಿ ಒಂದು ಕಡೆಗೆ ಸಾಗುವುದು.

ಅನ್ವಯವೆಂಬ ತುಂಡು ನಮಗೆ ಬೇರೆ ಕಡೆಗಳಲ್ಲೂ ಪರಿಚಿತ. ಕರ್ನಾಟಕದ ಜೈನ ಶಾಸನಗಳಲ್ಲಿ ಕೊಂಡಕುಂದಾನ್ವಯ ಎಂದು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಅದು ಪರಂಪರೆ, ಒಬ್ಬರ ಹಿಂದೆ ಒಬ್ಬರು ಬಂದ ಸಾಲು. ಹಳಗನ್ನಡ ಪದ್ಯ ಪಾಠ ಮಾಡುವಾಗ ನೀವು ಅನ್ವಯ ಹೇಳಿಕೊಡುತ್ತೀರಿ. ಛಂದಸ್ಸಿಗಾಗಿ ಅತ್ತಿತ್ತ ಸರಿದ ಪದಗಳನ್ನು ಕರ್ತೃ, ಕರ್ಮ, ಕ್ರಿಯೆಗಳ ಕ್ರಮದಲ್ಲಿ ಕೂಡಿಸುತ್ತೀರಿ. ಹಾಗೆ ಕೂಡಿಸುವಾಗ ಯಾವ ಪದವನ್ನೂ ಬಿಡುವುದಿಲ್ಲ, ಎರಡು ಪದಗಳನ್ನು ಒಂದು ಮಾಡುವುದೂ ಇಲ್ಲ. ಯಾವುದು ಯಾವುದಕ್ಕೆ ಸೇರುತ್ತದೆ ಎಂದು ತೋರಿಸುತ್ತೀರಿ, ಅಷ್ಟೆ. ಸಮನ್ವಯದ ಜೀವ ಇಲ್ಲಿದೆ.

ಈ ಪದಕ್ಕೆ ಶಾಸ್ತ್ರದಲ್ಲಿ ದೊಡ್ಡ ಸ್ಥಾನ ಸಿಕ್ಕಿದ್ದು ಉಪನಿಷತ್ತುಗಳ ತಾತ್ಪರ್ಯವನ್ನು ವಿಚಾರಿಸುವ ಬ್ರಹ್ಮಸೂತ್ರದಿಂದ. ಮೊದಲ ಅಧ್ಯಾಯದ ಮೊದಲ ಪಾದದ ನಾಲ್ಕನೆಯ ಸೂತ್ರ ‘ತತ್ತು ಸಮನ್ವಯಾತ್’. ಆ ಅಧ್ಯಾಯದ ಹೆಸರೇ ಸಮನ್ವಯಾಧ್ಯಾಯ. ಉಪನಿಷತ್ತುಗಳು ಹಲವು, ಹೇಳುವ ಮಾತು, ಬಳಸುವ ದೃಷ್ಟಾಂತ, ಆರಂಭಿಸುವ ಬಗೆ ಎಲ್ಲವೂ ಬೇರೆ ಬೇರೆ. ಆದರೂ ಅವೆಲ್ಲ ತಾತ್ಪರ್ಯದಲ್ಲಿ ಬ್ರಹ್ಮವನ್ನೇ ಹೇಳುತ್ತವೆ ಎಂಬುದು ಸೂತ್ರದ ವಾದ. ಈ ಸೂತ್ರಗಳಿಗೆ ಭಾಷ್ಯ, ಎಂದರೆ ವ್ಯಾಖ್ಯಾನ, ಬರೆದ ಶಂಕರರು ಸಮನ್ವಯವನ್ನು ವಿವರಿಸುವಾಗ ಆ ವಾಕ್ಯಗಳು ‘ಸಮನುಗತ’ವಾಗಿವೆ ಎನ್ನುತ್ತಾರೆ, ಒಟ್ಟಾಗಿ ಹಿಂಬಾಲಿಸಿ ಹೋಗಿವೆ ಎಂದು. ಪದದ ಮೂಲಾರ್ಥವನ್ನು ಅವರು ಒಂದಿಷ್ಟೂ ಸಡಿಲಿಸಿಲ್ಲ.

ಇದು ಬಾಯಿಮಾತಿನ ಹೊಂದಾಣಿಕೆಯಾಗಿರಲಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ, ಮೊದಲಿಗೆ ‘ಸತ್’ ಮಾತ್ರ ಇತ್ತು ಎನ್ನುತ್ತದೆ. ತೈತ್ತಿರೀಯ ಉಪನಿಷತ್ತಿನ ಎರಡನೆಯ ವಲ್ಲಿ, ಮೊದಲಿಗೆ ‘ಅಸತ್’ ಇತ್ತು ಎನ್ನುತ್ತದೆ. ಇದ್ದದ್ದು ಇರುವಿಕೆಯೋ ಇಲ್ಲದಿರುವಿಕೆಯೋ? ಸೋಮಾರಿಯಾದ ವ್ಯಾಖ್ಯಾನಕಾರ ‘ಎರಡೂ ಒಂದೇ’ ಎಂದು ಮುಂದೆ ಹೋಗಬಹುದಿತ್ತು. ಸೂತ್ರಕಾರರು ಹಾಗೆ ಮಾಡಲಿಲ್ಲ, ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಈ ತೊಡಕನ್ನು ಎತ್ತಿಕೊಂಡರು. ತೈತ್ತಿರೀಯದಲ್ಲಿ ಆ ಮಾತಿಗೆ ಸ್ವಲ್ಪ ಮೊದಲು, ಬ್ರಹ್ಮ ಇಲ್ಲವೆಂದು ತಿಳಿದವನು ತಾನೇ ಇಲ್ಲದವನಾಗುತ್ತಾನೆ ಎಂದು ಹೇಳಿದೆ. ಅಂಥ ಪ್ರಕರಣದಲ್ಲೇ ಬರುವ ‘ಅಸತ್’ ಶೂನ್ಯವನ್ನು ಹೇಳಲಾರದು. ನಾಮರೂಪಗಳು ಇನ್ನೂ ಮೈದೋರದ ಸ್ಥಿತಿಯನ್ನು ಹೇಳುತ್ತದೆ ಎಂದು ಭಾಷ್ಯ ತೀರ್ಮಾನಿಸುತ್ತದೆ. ನೋಡಿ, ಇಲ್ಲಿ ಎರಡು ವಾಕ್ಯಗಳೂ ಉಳಿದವು, ಎರಡಕ್ಕೂ ಬೇರೆ ಬೇರೆ ಕೆಲಸ ಉಳಿಯಿತು, ಎರಡೂ ಹೋಗುವ ದಾರಿ ಒಂದೇ ಎಂದು ಕಾರಣಸಹಿತ ಸ್ಥಾಪನೆಯಾಯಿತು.

ಕಾರಣ ಕೊಡುವುದಕ್ಕೆ ನಿಯಮಗಳೂ ಇದ್ದವು. ಒಂದು ಗ್ರಂಥಭಾಗದ ತಾತ್ಪರ್ಯ ಯಾವುದೆಂದು ನಿರ್ಣಯಿಸಲು ಆರು ಗುರುತುಗಳನ್ನು ಹೇಳುತ್ತಾರೆ: ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಆರಂಭದಲ್ಲೂ ಕೊನೆಯಲ್ಲೂ ಏನು ಹೇಳಿದೆ, ಯಾವುದನ್ನು ಮತ್ತೆ ಮತ್ತೆ ಹೇಳಿದೆ, ಬೇರೆಡೆಯಿಂದ ತಿಳಿಯಲಾಗದ ಯಾವುದನ್ನು ಹೇಳಿದೆ, ಅದರಿಂದ ಆಗುವ ಪ್ರಯೋಜನವೇನು, ಯಾವುದನ್ನು ಹೊಗಳಿದೆ, ಯಾವುದಕ್ಕೆ ಯುಕ್ತಿ ಕೊಟ್ಟಿದೆ ಎಂದು ಪರೀಕ್ಷಿಸಬೇಕು. ಛಾಂದೋಗ್ಯದ ಅದೇ ಅಧ್ಯಾಯದಲ್ಲಿ ‘ತತ್ತ್ವಮಸಿ’, ಅದು ನೀನೇ ಆಗಿದ್ದೀಯೆ ಎಂಬ ಮಾತು, ಒಂಬತ್ತು ಸಲ ಬರುತ್ತದೆ; ಅಭ್ಯಾಸಕ್ಕೆ ಎಲ್ಲರೂ ಕೊಡುವ ಉದಾಹರಣೆ ಅದು.

ನಿಯಮ ಇದ್ದರೂ ಫಲಿತಾಂಶ ಒಂದೇ ಬರಲಿಲ್ಲ ಎಂಬುದನ್ನೂ ಹೇಳಬೇಕು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಅದೇ ವಾಕ್ಯವನ್ನು ‘ಸ ಆತ್ಮಾ ಅತತ್ತ್ವಮಸಿ’, ನೀನು ಅದಲ್ಲ, ಎಂದು ಬಿಡಿಸಿದರು. ‘ಆತ್ಮಾತತ್ತ್ವಮಸಿ’ ಎಂಬಲ್ಲಿರುವ ದೀರ್ಘದೊಳಗೆ ಒಂದು ಅಕಾರ ಅಡಗಿರಬಹುದು ಎಂಬುದೇ ಅದಕ್ಕೆ ಆಧಾರ. ನೀವು ತರಗತಿಯಲ್ಲಿ ಕಲಿಸುವ ಸವರ್ಣದೀರ್ಘ ಸಂಧಿಯ ಮೇಲೆ ಇಡೀ ಸಿದ್ಧಾಂತದ ಒಂದು ಕಂಬ ನಿಂತಿದೆ. ಶಂಕರ, ರಾಮಾನುಜ, ಮಧ್ವ ಮೂವರೂ ‘ತತ್ತು ಸಮನ್ವಯಾತ್’ ಸೂತ್ರಕ್ಕೆ ಭಾಷ್ಯ ಬರೆದರು, ಮೂವರೂ ಉಪನಿಷತ್ತುಗಳ ಸಮನ್ವಯ ತೋರಿಸಿದರು, ಮೂವರೂ ಬೇರೆ ಬೇರೆ ಕಡೆ ತಲುಪಿದರು. ಸಮನ್ವಯ ಮಾಡುವವನು ಜವಾಬ್ದಾರಿ ಹೊರುತ್ತಾನೆ; ‘ಇವು ಇಂಥದ್ದರಲ್ಲಿ ಕೂಡುತ್ತವೆ’ ಎಂದು ಹೇಳಿ, ಪ್ರತಿವಾದಿಗೆ ಉತ್ತರ ಕೊಡಬೇಕಾಗುತ್ತದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಹೆಸರು ಅವಿರೋಧಾಧ್ಯಾಯ. ಸಮನ್ವಯ ಹೇಳಿದ ಮೇಲೆ ಆಕ್ಷೇಪಗಳನ್ನು ಎದುರಿಸಲು ಒಂದು ಅಧ್ಯಾಯವನ್ನೇ ಮೀಸಲಿಟ್ಟರು.

ನಿಮ್ಮ ಹುಡುಗನಿಗೆ ನೇರವಾಗಿ ಬೇಕಾದ ಸಂಗತಿ ಅದೇ ಭಾಷ್ಯದ ಬಾಗಿಲಲ್ಲೇ ಇದೆ. ಶಂಕರರು ಮೊದಲ ಸೂತ್ರಕ್ಕೂ ಮುಂಚೆ ಬರೆದ ಪೀಠಿಕೆಯನ್ನು ಅಧ್ಯಾಸಭಾಷ್ಯ ಎನ್ನುತ್ತಾರೆ. ‘ಅತಸ್ಮಿನ್ ತದ್ಬುದ್ಧಿಃ’, ಅದಲ್ಲದ್ದರಲ್ಲಿ ಅದು ಎಂಬ ತಿಳಿವಳಿಕೆ, ಇದು ಅಧ್ಯಾಸಕ್ಕೆ ಅವರು ಕೊಟ್ಟ ಲಕ್ಷಣ. ದೇಹ ದಪ್ಪಗಿದ್ದರೆ ‘ನಾನು ದಪ್ಪ’ ಎನ್ನುತ್ತೇವೆ, ಕಣ್ಣು ಕಾಣದಿದ್ದರೆ ‘ನಾನು ಕುರುಡ’ ಎನ್ನುತ್ತೇವೆ; ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುತ್ತೇವೆ. ಆ ಗ್ರಂಥದ ಜೋಡಣೆಯನ್ನು ಗಮನಿಸಿ: ಮೊದಲು ತಪ್ಪಾಗಿ ಒಂದು ಮಾಡಿಕೊಂಡದ್ದನ್ನು ಬಿಡಿಸುತ್ತದೆ, ಆಮೇಲೆ ಸರಿಯಾಗಿ ಕೂಡಬೇಕಾದದ್ದನ್ನು ಕೂಡಿಸುತ್ತದೆ. ಅಧ್ಯಾಸ ಮೊದಲು, ಸಮನ್ವಯ ಆಮೇಲೆ. ಎರಡಕ್ಕೂ ಬೇರೆ ಬೇರೆ ಪದ, ಎರಡೂ ಒಂದಕ್ಕೊಂದು ವಿರುದ್ಧ. ಬಡತನದ ಮೇಲೆ ಸೋಮಾರಿತನವನ್ನು ಹೊರಿಸುವುದು ಅಧ್ಯಾಸದ ಜಾತಿಗೆ ಸೇರಿದ ಕೆಲಸ. ಅದನ್ನು ಸಮನ್ವಯ ಎಂದಾಗ ವಾಕ್ಯ ಮಗುಚಿ ಬೀಳುತ್ತದೆ.

ಹತ್ತನೆಯ ತರಗತಿಗೆ ಅಧ್ಯಾಸಭಾಷ್ಯ ತರುವುದು ಹೇಗೆ ಎಂದು ನೀವು ಕೇಳಬಹುದು. ತರಬೇಕಾಗಿಲ್ಲ. ಅವರ ಪಠ್ಯದ ಅಲಂಕಾರಗಳೇ ಸಾಕು.

‘ಭೀಮದುರ್ಯೋಧನರು ಮದಗಜಗಳಂತೆ ಹೋರಾಡಿದರು’ ಎಂಬ ವಾಕ್ಯ ಕೊಟ್ಟು ಸಮನ್ವಯಗೊಳಿಸಿ ಎಂದಾಗ ಮಕ್ಕಳು ಏನು ಮಾಡುತ್ತಾರೆ? ಭೀಮದುರ್ಯೋಧನರು ಉಪಮೇಯ, ಮದಗಜ ಉಪಮಾನ, ‘ಅಂತೆ’ ವಾಚಕಪದ, ಹೋರಾಟ ಸಮಾನಧರ್ಮ ಎಂದು ಬಿಡಿಬಿಡಿಯಾಗಿ ಗುರುತಿಸಿ, ಉಪಮಾಲಂಕಾರದ ಲಕ್ಷಣ ಈ ಲಕ್ಷ್ಯದಲ್ಲಿ ಹೀಗೆ ಹೊಂದುತ್ತದೆ ಎಂದು ತೋರಿಸುತ್ತಾರೆ. ಶಾಸ್ತ್ರದಲ್ಲಿ ಇದಕ್ಕೆ ಲಕ್ಷಣಸಮನ್ವಯ ಎನ್ನುತ್ತಾರೆ. ಪ್ರಶ್ನೆಪತ್ರಿಕೆಯ ‘ಸಮನ್ವಯ’ವೂ ಬ್ರಹ್ಮಸೂತ್ರದ ಸಮನ್ವಯವೂ ಒಂದೇ ಪದ, ಒಂದೇ ಅರ್ಥ. ಬಿಡಿಸಿ ಗುರುತಿಸದೆ ಸಮನ್ವಯ ಬರೆದರೆ ನೀವು ಅಂಕ ಕೊಡುವುದಿಲ್ಲ ಅಲ್ಲವೆ? ಆ ಶಿಸ್ತನ್ನು ಉಳಿದ ಕಡೆಗೂ ಒಯ್ಯಬೇಕು.

ಇನ್ನು ಮುಂದಿನ ಹೆಜ್ಜೆ. ಉಪಮೆಯಲ್ಲಿ ಮುಖ ತಾವರೆಯಂತೆ ಇರುತ್ತದೆ. ಎರಡೂ ಬೇರೆ, ಹೋಲಿಕೆ ಇದೆ. ರೂಪಕದಲ್ಲಿ ಮುಖವೇ ತಾವರೆ, ಮುಖಕಮಲ. ಅಲ್ಲಿ ಕವಿ ಅಭೇದ ಹೇಳುತ್ತಾನೆ, ಆದರೆ ಮುಖ ಮುಖವೆಂದು ಅವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಬೇಕೆಂದೇ ಮಾಡಿದ ಇಂಥ ಆರೋಪವನ್ನು ಆಲಂಕಾರಿಕರು ಆಹಾರ್ಯ ಎಂದರು. ಭ್ರಾಂತಿಮದಲಂಕಾರದಲ್ಲಿ ದುಂಬಿ ಮುಖವನ್ನು ತಾವರೆಯೆಂದೇ ತಿಳಿದು ಬಂದು ಎರಗುತ್ತದೆ. ಅದಕ್ಕೆ ವ್ಯತ್ಯಾಸ ಕಾಣಲೇ ಇಲ್ಲ. ಮೂರನ್ನೂ ಹಲಗೆಯ ಮೇಲೆ ಬರೆದು, ‘ಬಡವರೆಲ್ಲ ಸೋಮಾರಿಗಳು’ ಎನ್ನುವವನು ಈ ಮೂವರಲ್ಲಿ ಯಾರು ಎಂದು ಕೇಳಿ. ಮಕ್ಕಳು ತಡಮಾಡದೆ ದುಂಬಿಯ ಕಡೆ ಬೆರಳು ತೋರಿಸುತ್ತಾರೆ. ಬೇಕೆಂದೇ ಹಾಗೆ ಹೇಳುವವರೂ ಇದ್ದಾರೆ ಎಂದು ಒಬ್ಬ ಜಾಣ ಹೇಳಿದರೆ ಅವನಿಗೆ ಪೂರ್ತಿ ಅಂಕ ಕೊಡಿ. ಅಲ್ಲಿ ಭ್ರಾಂತಿಯ ಜಾಗದಲ್ಲಿ ದುರುದ್ದೇಶ ಕೂತಿರುತ್ತದೆ.

ಎರಡು ಅಲಂಕಾರಗಳು ಒಂದೇ ಪದ್ಯದಲ್ಲಿ ಬಂದಾಗಲೂ ನಮ್ಮ ಹಿರಿಯರು ಸುಮ್ಮನೆ ಮಿಶ್ರಣ ಎನ್ನಲಿಲ್ಲ. ಎಳ್ಳು ಅಕ್ಕಿ ಬೆರೆತ ಹಾಗೆ ಎರಡೂ ಬೇರೆಯಾಗಿ ಕಾಣುತ್ತಿದ್ದರೆ ಸಂಸೃಷ್ಟಿ, ಹಾಲು ನೀರು ಬೆರೆತ ಹಾಗೆ ಬಿಡಿಸಲು ಬಾರದಿದ್ದರೆ ಸಂಕರ ಎಂದು ವಿಂಗಡಿಸಿದರು. ತಿಲತಂಡುಲ ನ್ಯಾಯ, ಕ್ಷೀರನೀರ ನ್ಯಾಯ ಎಂದು ಇವಕ್ಕೆ ಹೆಸರು. ಕೂಡುವುದರಲ್ಲಿ ಬಗೆಗಳಿವೆ ಎಂಬ ಎಚ್ಚರ ನಮ್ಮ ಪರಂಪರೆಯಲ್ಲಿ ಎಷ್ಟು ಸೂಕ್ಷ್ಮವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋಚದು.

ಆ ಎಚ್ಚರ ಇಂದಿನ ಕನ್ನಡದಲ್ಲೂ ಇದೆ. ಬ್ಯಾಂಕು ಬ್ಯಾಂಕಿನಲ್ಲಿ ಸೇರಿದರೆ ವಿಲೀನ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು; ಹೆಸರೇ ಹೋಯಿತು. ಅದನ್ನು ಸಮನ್ವಯ ಎಂದು ಯಾವ ವರದಿಗಾರನೂ ಬರೆಯಲಿಲ್ಲ. ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳ ಕನ್ನಡ ಭಾಗಗಳು, ಕೊಡಗು, ಹಳೆಯ ಮೈಸೂರು ಸೇರಿ 1956ರ ನವೆಂಬರ್ 1ರಂದು ಒಂದು ರಾಜ್ಯವಾದದ್ದು ಏಕೀಕರಣ. ಮೊದಲೇ ಒಂದಾಗಿದ್ದದ್ದು ಮತ್ತೆ ಒಂದಾಯಿತು ಎಂಬ ಭಾವ ಅದರಲ್ಲಿದೆ. ವಿಜ್ಞಾನ ಪಾಠದ ದ್ಯುತಿಸಂಶ್ಲೇಷಣೆಯಲ್ಲಿ ನೀರೂ ಇಂಗಾಲದ ಡೈಆಕ್ಸೈಡೂ ಸೇರಿ ಸಕ್ಕರೆಯಾಗುತ್ತದೆ, ಹಳೆಯದು ಉಳಿಯದೆ ಹೊಸದು ಹುಟ್ಟುತ್ತದೆ. ಆದ್ದರಿಂದ ಎರಡು ಸಿದ್ಧಾಂತಗಳಿಂದ ಮೂರನೆಯದೊಂದು ಮೂಡಿದರೆ ಸಂಶ್ಲೇಷಣೆ ಎನ್ನುವುದು ಯುಕ್ತ. ಶರಣರ ಷಟ್‌ಸ್ಥಲದಲ್ಲಿ ಕೊನೆಯದು ಐಕ್ಯ. ಅಲ್ಲಿ ಬೇರೆತನವೇ ಉಳಿಯಬಾರದು. ಬೆರಕೆ ಎಂದರೆ ಆಕ್ಷೇಪವೇನೂ ಇಲ್ಲ, ಬೆರಕೆಸೊಪ್ಪಿನ ಸಾರು ಎಲ್ಲರಿಗೂ ಇಷ್ಟ. ಕಲಬೆರಕೆ ಎಂದೊಡನೆ ಮೋಸದ ವಾಸನೆ ಬರುತ್ತದೆ. 2018ರಲ್ಲಿ ಜೆಡಿಎಸ್ ಮತ್ತು ಕಾಂಗ್ರೆಸ್ ಸೇರಿ ಸರ್ಕಾರ ರಚಿಸಿದಾಗ ಸರ್ಕಾರವನ್ನು ಸಮ್ಮಿಶ್ರ ಎಂದರು, ಸಿದ್ದರಾಮಯ್ಯನವರ ಅಧ್ಯಕ್ಷತೆಯ ಸಮಿತಿಯನ್ನು ಸಮನ್ವಯ ಸಮಿತಿ ಎಂದರು. ಪಕ್ಷಗಳು ಎರಡಾಗಿಯೇ ಉಳಿದು ಒಂದು ಕೆಲಸಕ್ಕೆ ಕೂಡಬೇಕಾಗಿತ್ತು, ಹಾಗಾಗಿ ಆ ಹೆಸರು ಸರಿಯಾಗಿಯೇ ಇತ್ತು. ಸಮಿತಿ ಎಷ್ಟು ಸಮನ್ವಯ ಸಾಧಿಸಿತು ಎಂಬುದು ಬೇರೆ ಪ್ರಶ್ನೆ. 2019ರಲ್ಲಿ ಆ ಸರ್ಕಾರ ಬಿದ್ದುಹೋಯಿತು.

ಈಗ ಧರ್ಮದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪದ ಹೆಚ್ಚು ಸವೆದಿರುವುದು ಅಲ್ಲಿ. ಕರ್ನಾಟಕ ಸಮನ್ವಯದ ನಾಡು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಮಾತು ನಿಜ. ಆದರೆ ಉದಾಹರಣೆಯಾಗಿ ಕೊಡುವುದೆಲ್ಲ ಒಂದೇ ತೆರನಾದದ್ದಲ್ಲ.

ಬೇಲೂರಿನ ಚನ್ನಕೇಶವ ದೇವಾಲಯದೊಂದಿಗೆ ಬೆಸೆದುಕೊಂಡಿರುವ ಸಂಸ್ಕೃತ ಶ್ಲೋಕವೊಂದಿದೆ, ‘ಯಂ ಶೈವಾಃ ಸಮುಪಾಸತೇ’ ಎಂದು ಆರಂಭವಾಗುವುದು. ಶೈವರು ಶಿವ ಎಂದು, ವೇದಾಂತಿಗಳು ಬ್ರಹ್ಮ ಎಂದು, ಬೌದ್ಧರು ಬುದ್ಧ ಎಂದು, ನೈಯಾಯಿಕರು ಕರ್ತ ಎಂದು, ಜೈನರು ಅರ್ಹಂತ ಎಂದು, ವೇದೋಕ್ತ ಕರ್ಮವೇ ಮುಖ್ಯವೆನ್ನುವ ಮೀಮಾಂಸಕರು ಕರ್ಮ ಎಂದು ಯಾರನ್ನು ಭಜಿಸುತ್ತಾರೋ ಆ ಕೇಶವ ನಮ್ಮ ಇಷ್ಟಾರ್ಥ ಸಲ್ಲಿಸಲಿ ಎಂಬುದು ಅದರ ಭಾವ. ಔದಾರ್ಯದಿಂದ ತುಂಬಿದ ಪದ್ಯ, ನನಗೂ ಬಹಳ ಇಷ್ಟ. ಆದರೂ ಇದನ್ನು ಸಮನ್ವಯಕ್ಕೆ ಮಾದರಿ ಎನ್ನಲು ಮನಸ್ಸು ಒಪ್ಪುವುದಿಲ್ಲ. ಜೈನರ ಅರ್ಹಂತ ಲೋಕದ ಕರ್ತನಲ್ಲ. ಲೋಕಕ್ಕೆ ಕರ್ತನಿದ್ದಾನೆ ಎಂಬುದನ್ನೇ ಜೈನದರ್ಶನ ನಿರಾಕರಿಸುತ್ತದೆ. ಮೀಮಾಂಸಕರ ಕರ್ಮ ಒಂದು ದೇವತೆಯ ಹೆಸರಲ್ಲ. ಫಲ ಕೊಡಲು ಈಶ್ವರ ಬೇಕಾಗಿಲ್ಲ ಎಂದು ಹೇಳಲೆಂದೇ ಅವರು ಆ ಮಾತನ್ನು ಅಷ್ಟು ಒತ್ತಿ ಹೇಳಿದರು. ಇವರೆಲ್ಲ ಹೇಳಿದ್ದು ನಮ್ಮ ಕೇಶವನನ್ನೇ ಎಂದಾಗ ಅವರ ಹೆಸರು ಉಳಿಯಿತು, ಹೇಳಿದ ವಿಚಾರ ಉಳಿಯಲಿಲ್ಲ. ಭಕ್ತಿಗೆ ಇದು ಚೆಂದ. ವಿಚಾರದಲ್ಲಿ ಇದು ಒಳಗೊಳ್ಳುವಿಕೆ; ಸಮನ್ವಯಕ್ಕೆ ಇಷ್ಟು ಸಾಲದು.

ಇದರ ಪಕ್ಕದಲ್ಲಿ ಶ್ರವಣಬೆಳಗೊಳದ 1368ರ ಶಾಸನವನ್ನು ಇಟ್ಟು ನೋಡಿ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ್ದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಿಗೆ ದೂರಿತ್ತರು. ಅರಸ ಎರಡೂ ಕಡೆಯವರನ್ನು ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಇಷ್ಟಕ್ಕೇ ನಿಂತಿದ್ದರೆ ಅದೂ ಒಂದು ಒಳ್ಳೆಯ ಮಾತಾಗಿ ಉಳಿಯುತ್ತಿತ್ತು. ಶಾಸನ ಮುಂದುವರಿಯುತ್ತದೆ. ಪಂಚಮಹಾವಾದ್ಯಗಳೂ ಕಳಶವೂ ಹಿಂದಿನಂತೆಯೇ ಜೈನದರ್ಶನಕ್ಕೆ ಸಲ್ಲಬೇಕು. ಜೈನದರ್ಶನಕ್ಕೆ ಆಗುವ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೆಂದೇ ಎಣಿಸಬೇಕು. ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ವೈಷ್ಣವರ ಕಡೆಯಿಂದ ನೇಮಿಸಬೇಕು. ಅದಕ್ಕಾಗಿ ಜೈನರು ಮನೆಗೆ ವರ್ಷಕ್ಕೆ ಒಂದು ‘ಹಣ’ (ಆಗಿನ ನಾಣ್ಯ) ಕೊಡಬೇಕು, ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಮಾಗಡಿಯ ಬಳಿಯ ಕಲ್ಯದಲ್ಲೂ ಈ ಒಪ್ಪಂದದ ಕಲ್ಲು ಇದೆ.

ಇಲ್ಲಿ ಯಾರೂ ಯಾರ ದೇವರನ್ನೂ ತಮ್ಮ ದೇವರ ಇನ್ನೊಂದು ಹೆಸರು ಎನ್ನಲಿಲ್ಲ. ಜೈನರು ಜೈನರಾಗಿ ಉಳಿದರು, ವೈಷ್ಣವರು ವೈಷ್ಣವರಾಗಿ ಉಳಿದರು. ಯಾರಿಗೆ ಏನು ಸಲ್ಲುತ್ತದೆ, ಯಾರ ಮೇಲೆ ಯಾವ ಹೊಣೆ, ಎಲ್ಲಿ ಇಬ್ಬರೂ ಕೂಡಬೇಕು ಎಂದು ಬಿಡಿಸಿ ಬರೆದರು. ಕಾವಲಿನ ಖರ್ಚು ದೂರು ಕೊಟ್ಟವರ ಮೇಲೆಯೇ ಬಿತ್ತು ಎಂಬುದನ್ನು ಮರೆಯಬಾರದು. ಬಲಾಬಲದ ಲೆಕ್ಕವಿಲ್ಲದೆ ಆ ಕಾಲದ ಯಾವ ಒಪ್ಪಂದವೂ ಆಗಿರಲಾರದು. ಅಷ್ಟಾದರೂ ಸಮನ್ವಯ ಎಂಬ ಪದಕ್ಕೆ ಕನ್ನಡನಾಡಿನಿಂದ ಒಂದೇ ಉದಾಹರಣೆ ಕೊಡಿ ಎಂದರೆ ನಾನು ಈ ಕಲ್ಲನ್ನು ತೋರಿಸುತ್ತೇನೆ.

ಕಣ್ಣಿಗೆ ಕಾಣುವ ಉದಾಹರಣೆ ಬೇಕಿದ್ದರೆ ಹರಿಹರಕ್ಕೆ ಶಾಲಾ ಪ್ರವಾಸ ಹೋದಾಗ ತೋರಿಸಿ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಲ್ವ 1224ರ ಸುಮಾರಿಗೆ ಕಟ್ಟಿಸಿದ. ವಿಗ್ರಹ ಒಂದೇ, ಬಲಭಾಗ ಹರ, ಎಡಭಾಗ ಹರಿ. ಶಿಲ್ಪಿ ಎರಡನ್ನೂ ಸೇರಿಸಿ ಮೂರನೆಯ ಮುಖವೊಂದನ್ನು ಕಲ್ಪಿಸಲಿಲ್ಲ. ಈ ಕೈಯ ಆಯುಧ ಯಾರದು, ಆ ಕೈಯ ಆಯುಧ ಯಾರದು ಎಂದು ಮಕ್ಕಳು ನೋಡಿ ಹೇಳಬಲ್ಲರು. ನಿಂತಿರುವುದು ಮಾತ್ರ ಒಂದೇ ಮೈಯಾಗಿ.

ಪಂಚಮಂತ್ರದ ಬಗ್ಗೆ ಕೇಳಿದ್ದೀರಿ: ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ. ಕುವೆಂಪು ಅವರಿಗೆ ಈ ಪದ ಎರಡು ಕಡೆಯಿಂದ ಬಂದಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ಒಂದು, ನಾವು ನೋಡಿದ ವೇದಾಂತದ ಪರಂಪರೆ. ಇನ್ನೊಂದು, 19ನೆಯ ಶತಮಾನದ ಬಂಗಾಳ. ರಾಮಕೃಷ್ಣರ ಬದುಕಿನ ಸುತ್ತ ‘ಸರ್ವಧರ್ಮ ಸಮನ್ವಯ’ ಎಂಬ ನುಡಿ ಬೆಳೆಯಿತು. ರಾಮಕೃಷ್ಣ, ವಿವೇಕಾನಂದರಿಬ್ಬರ ಜೀವನಚರಿತ್ರೆಗಳನ್ನೂ ಕನ್ನಡಕ್ಕೆ ಕೊಟ್ಟವರು ಕುವೆಂಪು. ಬೇರೆ ಬೇರೆ ಸಾಧನೆಯ ದಾರಿಗಳನ್ನು ಒಂದೊಂದಾಗಿ, ಆಯಾ ದಾರಿಯ ನಿಯಮದಂತೆಯೇ ನಡೆದು ನೋಡುವುದು ಅಲ್ಲಿನ ಕ್ರಮ. ದಾರಿಗಳನ್ನು ಕಲಸಿ ಹೊಸ ದಾರಿ ಮಾಡುವುದಲ್ಲ. ಪಂಚಮಂತ್ರದ ಕ್ರಮವನ್ನೂ ನೋಡಿ: ಸಮನ್ವಯಕ್ಕೆ ಮೊದಲು ಸರ್ವೋದಯ ಬರುತ್ತದೆ. ಎಲ್ಲರ ಏಳಿಗೆ ಎಂಬ ಗುರಿ ಮೊದಲು ನಿಂತರೆ, ಯಾವುದು ಯಾವುದರೊಡನೆ ಎಲ್ಲಿ ಕೂಡಬೇಕು ಎಂಬುದಕ್ಕೆ ದಿಕ್ಕು ಸಿಗುತ್ತದೆ. ಗುರಿಯಿಲ್ಲದೆ ಸಮನ್ವಯವಿಲ್ಲ, ಏಕೆಂದರೆ ಹೋಗುವುದು ಎಂಬ ಧಾತುವೇ ಅದರೊಳಗಿದೆ.

ಸಾಹಿತ್ಯದಲ್ಲಿ ‘ಸಮನ್ವಯ ಕವಿ’ ಎಂಬ ಬಿರುದಿನಂಥ ಮಾತು ಇದೆ. ಜಿ.ಎಸ್. ಶಿವರುದ್ರಪ್ಪನವರಿಗೂ ಚೆನ್ನವೀರ ಕಣವಿಯವರಿಗೂ ಅದನ್ನು ಬಳಸುತ್ತಾರೆ. ನವೋದಯ ಮತ್ತು ನವ್ಯ ಎರಡರಿಂದಲೂ ಪಡೆದವರು ಎಂಬ ಅರ್ಥದಲ್ಲಿ. ಇಬ್ಬರ ಕಾವ್ಯದ ಬಗ್ಗೆಯೂ ನನಗೆ ಗೌರವವಿದೆ. ಆ ಕಾರಣಕ್ಕೇ ಈ ಹಣೆಪಟ್ಟಿ ನನಗೆ ಸಾಲದೆನ್ನಿಸುತ್ತದೆ. ಯಾವ ಪದ್ಯದಲ್ಲಿ ಯಾವುದರ ಲಯ, ಯಾವುದರ ತಳಮಳ, ಅವೆರಡೂ ಎಲ್ಲಿ ಕೂಡಿದವು ಎಂದು ತೋರಿಸದೆ ಸಮನ್ವಯ ಕವಿ ಎಂದರೆ, ಯಾವ ಪಂಥಕ್ಕೂ ಪೂರ್ತಿ ಸೇರದವರು ಎಂದಷ್ಟೇ ಹೇಳಿದಂತಾಗುತ್ತದೆ.

ಇಲಾಖೆಯ ಪದಗಳಲ್ಲಿ ಸಮನ್ವಯಾಧಿಕಾರಿಗೆ ಹೆಚ್ಚು ವಿವರಣೆ ಬೇಡ. ಬೇರೆ ಬೇರೆಯವರ ಕೆಲಸ ಒಂದು ದಿಕ್ಕಿಗೆ ಸಾಗುವಂತೆ ನೋಡಿಕೊಳ್ಳುವವರು. ಸಮನ್ವಯ ಶಿಕ್ಷಣ ಮಾತ್ರ ಬಹಳ ಅರ್ಥವತ್ತಾದ ಬಳಕೆ. ಕಣ್ಣು ಕಾಣದ, ಕಿವಿ ಕೇಳದ, ಕಲಿಕೆಯಲ್ಲಿ ಬೇರೆ ವೇಗವಿರುವ ಮಗು ಎಲ್ಲರ ಜೊತೆ ಒಂದೇ ತರಗತಿಯಲ್ಲಿ ಕಲಿಯಬೇಕು. ಆ ಮಗುವಿಗೆ ಬ್ರೈಲ್ ಪುಸ್ತಕವಾಗಲಿ, ಸಂಜ್ಞೆಯ ಭಾಷೆಯಾಗಲಿ, ಹೆಚ್ಚಿನ ಸಮಯವಾಗಲಿ ಕೊಡದೆ ಸುಮ್ಮನೆ ಬೆಂಚಿನ ಮೇಲೆ ಕೂರಿಸಿದರೆ ಅದು ಬೆರೆಸಿದ್ದಾಯಿತೇ ಹೊರತು ಸಮನ್ವಯವಾಗಲಿಲ್ಲ. ವ್ಯತ್ಯಾಸವನ್ನು ಗುರುತಿಸಿ ಅದಕ್ಕೆ ಬೇಕಾದದ್ದನ್ನು ಒದಗಿಸಿದಾಗಲೇ ಎಲ್ಲ ಮಕ್ಕಳೂ ಒಂದೇ ಪಾಠದ ಹಿಂದೆ ಹೋಗಬಲ್ಲರು. ಪದವನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಇಲ್ಲಿ ಒಂದು ಮಗುವಿಗೆ ಉಪಕಾರವಾಗುತ್ತದೆ.

ಇನ್ನು ಹುಡುಗನ ವಾಕ್ಯ. ಅವನಿಗೆ ಬೇಕಾದ ಕ್ರಿಯಾಪದಕ್ಕೆ ಕನ್ನಡದಲ್ಲಿ ಕೆಲವು ಆಯ್ಕೆಗಳಿವೆ. ‘ತಳಕು ಹಾಕುತ್ತಾರೆ’ ಎನ್ನಬಹುದು, ಆದರೆ ಅದು ಸಂಬಂಧವಿಲ್ಲದ ಎರಡನ್ನು ಗಂಟು ಹಾಕುವುದಕ್ಕೆ ಹೆಚ್ಚು ಒಪ್ಪುತ್ತದೆ. ಒಂದೇ ಎಂದು ತಿಳಿಯುವುದಕ್ಕೆ ಅಷ್ಟು ಒಪ್ಪದು. ‘ಕಲಸುಮೇಲೋಗರ ಮಾಡುತ್ತಾರೆ’ ಎಂಬುದು ಮಾತಿಗೆ ಸರಿ. ಹಲವು ಸಂಗತಿಗಳು ಗೋಜಲಾದಾಗ ಅದು ಚೆನ್ನು, ಇಲ್ಲಿ ಇರುವುದು ಎರಡೇ. ‘ಸಮೀಕರಿಸುತ್ತಾರೆ’ ಎಂಬುದು ಅರ್ಥಕ್ಕೆ ಹತ್ತಿರ, ಪ್ರಬಂಧಕ್ಕೂ ಹೊಂದುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಯಾವ ದೊಡ್ಡ ಪದವೂ ಇಲ್ಲದ ವಾಕ್ಯ: ‘ಬಡತನವೆಂದರೆ ಸೋಮಾರಿತನವೇ ಎಂಬಂತೆ ಕೆಲವರು ಮಾತನಾಡುತ್ತಾರೆ.’ ಆ ‘ಏ’ ಮತ್ತು ‘ಎಂಬಂತೆ’ ಎರಡೂ ಸೇರಿ ಎಲ್ಲ ಕೆಲಸ ಮಾಡುತ್ತವೆ. ‘ಏ’ ಅವರ ತಪ್ಪನ್ನು ಹೇಳುತ್ತದೆ, ‘ಎಂಬಂತೆ’ ಅದನ್ನು ಬರೆದವನು ಒಪ್ಪುವುದಿಲ್ಲವೆಂದು ಹೇಳುತ್ತದೆ. ಕನ್ನಡದ ಶಕ್ತಿ ಎಷ್ಟೋ ಸಲ ನಾಮಪದಗಳಿಗಿಂತ ಇಂಥ ಸಣ್ಣ ಪ್ರತ್ಯಯಗಳಲ್ಲೇ ಇರುತ್ತದೆ. ಮಕ್ಕಳಿಗೆ ಇದನ್ನು ಮೊದಲು ಕಲಿಸಬೇಕೆಂದು ನನ್ನ ಆಸೆ.

ಕೊನೆಗೆ ರೂಪಗಳ ಬಗ್ಗೆ ಎರಡು ಮಾತು. ಸಮನ್ವಯಿಸು, ಸಮನ್ವಯಗೊಳಿಸು ಎರಡೂ ಸರಿ. ಮೊದಲನೆಯದು ಚಿಕ್ಕದು, ಅದನ್ನೇ ಬಳಸಿದರೆ ವಾಕ್ಯ ಹಗುರಾಗುತ್ತದೆ. ‘ಸಮನ್ವಯತೆ’ ಎಂಬ ರೂಪ ಸುತ್ತೋಲೆಗಳಲ್ಲೂ ಭಾಷಣಗಳಲ್ಲೂ ಹೆಚ್ಚುತ್ತಿದೆ, ಅದನ್ನು ದಯವಿಟ್ಟು ತಿದ್ದಿ. ಸುಂದರ ಎಂಬ ಗುಣವಾಚಕಕ್ಕೆ ‘ತೆ’ ಸೇರಿ ಸುಂದರತೆ ಆಗುತ್ತದೆ. ಸಮನ್ವಯ ತಾನೇ ಭಾವನಾಮ, ಅದಕ್ಕೆ ಇನ್ನೊಂದು ‘ತೆ’ ಬೇಡ. ‘ಎರಡು ಇಲಾಖೆಗಳ ನಡುವೆ ಸಮನ್ವಯತೆಯ ಕೊರತೆ’ ಎಂದು ಬರೆಯುವ ಕಡೆ ‘ಸಮನ್ವಯದ ಕೊರತೆ’ ಎಂದರೆ ಸಾಕು. ‘ಸಮನ್ವಯ ಸಾಧಿಸು’ ಎಂಬ ನುಡಿಗಟ್ಟು ಸೊಗಸಾಗಿದೆ. ಅದನ್ನು ಬಳಸುವಾಗ ಯಾವುದಕ್ಕೂ ಯಾವುದಕ್ಕೂ, ಯಾವುದರಲ್ಲಿ ಎಂಬ ಮೂರನ್ನೂ ಅದೇ ವಾಕ್ಯದಲ್ಲೋ ಮುಂದಿನ ವಾಕ್ಯದಲ್ಲೋ ಹೇಳುವಂತೆ ಮಕ್ಕಳಿಗೆ ಅಭ್ಯಾಸ ಮಾಡಿಸಿ. ಅದನ್ನು ಹೇಳಲು ಬಾರದಿದ್ದರೆ ಆ ಜಾಗದಲ್ಲಿ ಬೇರೆ ಪದ ಹುಡುಕಲಿ.